ಹದಿಮೂರು ಮೈಲಿ ಮೇಲಿಂದ

ಬೊಳ್ಳಮ್ಮ ಕಣದಲ್ಲಿ ಕಾಫಿ ಹಣ್ಣು ಕೆದಕುತ್ತಿದ್ದಳು. ಜಗಲಿಯಲ್ಲಿ ಗಂಡ ಅದೇ ಹಳೆಯ ಬೊಗಳೆ ಬಿಚ್ಚಿದ್ದ.

"ಮಧ್ಯಾಹ್ನ ಹನ್ನೆರಡು ಗಂಟೆ. ಆಕಾಶ ಕಾಡಿಗೆಯಷ್ಟು ಕಪ್ಪು," ಎಂದ ಬೆಳ್ಯಪ್ಪ. "ಎದೆಯ ಕಡೆ ಬಿಸಿಲು ಸುಡುತ್ತದೆ, ಬೆನ್ನ ಕಡೆ ರಕ್ತ ಹೆಪ್ಪುಗಟ್ಟುವ ಚಳಿ. ಬಲೂನಿನ ತೊಟ್ಟಿಲಿನಿಂದ ಕಾಲು ಹೊರಗಿಟ್ಟೆ. ಹದಿಮೂರು ಮೈಲಿ ಕೆಳಗೆ ಭೂಮಿ."

"ಗಾಳಿ ಜೋರಿತ್ತಾ ಅಣ್ಣ?" ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕುಶಾಲಪ್ಪ ಕೇಳಿದ. ಎಸ್ಸೆಸ್ಸೆಲ್ಸಿ ಪಾಸಾದವನು. ಗಾಳಿಬೀಡಿನಲ್ಲಿ ಯಾರೂ ಅದನ್ನು ಮರೆಯದಂತೆ ನೋಡಿಕೊಂಡಿದ್ದ.

"ಅಲ್ಲಿ ಎಲ್ಲಿಯ ಗಾಳಿ? ಸದ್ದೇ ಇಲ್ಲ. ಬೀಳುತ್ತಿದ್ದೇನೆಂದೇ ತಿಳಿಯಲಿಲ್ಲ. ಪ್ಯಾರಾಚೂಟಿನ ಕೊಡೆ ಆಗಲೇ ಬಿಚ್ಚಿದರೆ ಅಲ್ಲೇ ನೇತಾಡಿ ಚಳಿಗೆ ಸಾಯಬೇಕು. ಬಿಚ್ಚದಿದ್ದರೆ ಮೈ ಬುಗುರಿಯಾಗಿ ಪ್ರಜ್ಞೆ ತಪ್ಪುತ್ತದೆ. ಮೊದಲು ಬಂದೂಕಿನ ಗುಂಡಿನ ವೇಗ. ಕೆಳಕ್ಕೆ ಬಂದಂತೆ ಗಾಳಿ ದಪ್ಪವಾಗಿ, ನಿಧಾನ."

ಕುಶಾಲಪ್ಪ ತೊಡೆ ತಟ್ಟಿ ನಕ್ಕ. "ಕೇಳಿದಿರಾ ಅತ್ತಿಗೆ? ಇನ್ನು ಮೇಲೆ ಹಲಸಿನ ಹಣ್ಣು ನೆಲ ಹತ್ತಿರ ಬಂತು ಅಂತ ನಿಧಾನವಾಗಿ ಬೀಳುತ್ತದೆ. ಬುಕ್ಕು ಬರೆದವರೆಲ್ಲ ನಮ್ಮ ಮಿಲಿಟ್ರಿ ಅಣ್ಣನ ಹತ್ತಿರ ಬಂದು ಕಲಿಯಲಿ!"

"ಬಲಗೈ ಗ್ಲೌಸು ಸೋರಿ ಕೈ ಕುಂಬಳಕಾಯಿ ಆಯ್ತಲ್ಲ, ಅದೂ ಸುಳ್ಳಾ? ನೋಡು ಕಲೆ!" ಬೆಳ್ಯಪ್ಪ ಮಣಿಕಟ್ಟು ಚಾಚಿದ.

ಅಂಥದೇ ಕಲೆ ಬೊಳ್ಳಮ್ಮನ ಮಣಿಕಟ್ಟಿನಲ್ಲೂ ಇತ್ತು. ಗಂಜಿ ಬಸಿಯುವಾಗ ಆದದ್ದು.

ಮದುವೆ ಮನೆಗಳಲ್ಲಿ ಅವಳು ಬಂದು ಕೂತರೆ ಹೆಂಗಸರು ಅವಳಿಗೆ ಚಾಪೆಯ ಅಂಚನ್ನಷ್ಟೇ ಬಿಟ್ಟು 'ಬೊಗಳೆ ಬೆಳ್ಯಪ್ಪನ ಹೆಂಡತಿ' ಎಂದು ಪಿಸುಗುಡುತ್ತಿದ್ದರು. ಗಂಡ ಹೇಳುವುದು ಸುಳ್ಳೋ ನಿಜವೋ, ಒಂದು ತೀರ್ಮಾನವಾದರೆ ಅವಳಿಗೆ ಸಾಕಿತ್ತು. ಕರಿಮೆಣಸು ಕುಯ್ಯಲು ಏಣಿ ಹತ್ತಿ ಎಂದರೆ ತಲೆ ತಿರುಗುತ್ತದೆ ಎನ್ನುವ ಗಂಡಸು. ಒಂದು ಅಗುಳು ಹಿಚುಕಿ, "ಇನ್ನೆರಡು ಕುದಿ ಬೇಕಿತ್ತು" ಎಂದು ತಟ್ಟೆ ತಳ್ಳುವುದರಲ್ಲಿ ಮಾತ್ರ ಸುಬೇದಾರ. ಆದರೆ ಹಾರಿದ ಕಥೆಯಲ್ಲಿ ಇಷ್ಟು ವರ್ಷವೂ ಒಂದು ಪದ ಆಚೀಚೆ ಆಗಿರಲಿಲ್ಲ. ಸುಳ್ಳಿಗೆ ಅಷ್ಟು ನೆನಪು ಇರುತ್ತದೆಯೇ?

ಅಂಗಳದ ಮೂಲೆಯಲ್ಲಿ ಹಣ್ಣಿನಿಂದ ಕಡ್ಡಿ ಆರಿಸುತ್ತಿದ್ದ ಹುಚ್ಚಮ್ಮನೂ ನಗಲಿಲ್ಲ. ಪ್ರತಿ ವರ್ಷ ಕಾಫಿ ಹಣ್ಣಿನ ಪಿಕಿಂಗಿಗೆಂದು ಕುಶಾಲನಗರದ ಕಡೆಯಿಂದ ಬರುವ ಮುದುಕಿ.

"ಅಯ್ಯಾ, ಆ ಮುದ್ದೆ ಮಾತು ಇನ್ನೊಂದ್ಸಲ ಹೇಳ್ರಪ್ಪಾ."

"ಭೂಮಿಯ ಅಂಚು ರಾಗಿ ಮುದ್ದೆಯ ಬೆನ್ನಿನ ಹಾಗೆ ಬಾಗಿತ್ತು. ಸುತ್ತ ನೀಲಿ ಹಬೆ." ರಾಗಿಯೆಂದರೆ ಮೂಗು ಮುರಿಯುವ ಬೆಳ್ಯಪ್ಪ ಕುಶಾಲಪ್ಪನ ಕಡೆ ತಿರುಗಿದ. "ಇವಳಿಗೆ ಮುದ್ದೆ ಬಿಟ್ಟು ಬೇರೇನು ಅರ್ಥವಾಗುತ್ತದೆ? ಮಗನೂ ಪಲ್ಟನ್ನಿಗೆ ಹೋಗಿ ತಿರುಗಿ ಬರಲಿಲ್ಲವಂತೆ. ಹೋದವರೆಲ್ಲ ಹಾರುತ್ತಾರಾ?"

ಶನಿವಾರ ಪಿಕಿಂಗ್ ಮುಗಿದು ಹುಚ್ಚಮ್ಮ ಊರಿಗೆ ಹೊರಟುಹೋದಳು.

ಭಾನುವಾರ ಕುಶಾಲಪ್ಪ ಮಡಿಕೇರಿಯಿಂದ ಬಂದ. ಮುಖದಲ್ಲಿ ನಗೆ ಇರಲಿಲ್ಲ. ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟಿದ್ದ ಹಳೆಯ ಪೇಪರನ್ನು ಜಗಲಿಯ ಮೇಲೆ ಹರಡಿ ಓದಿದ. ಅಮೆರಿಕದವನೊಬ್ಬ ಬಲೂನಿನಲ್ಲಿ ಹತ್ತೊಂಬತ್ತು ಮೈಲಿ ಮೇಲೆ ಹೋಗಿ ಹಾರಿದನಂತೆ. ಆಕಾಶ ಕಪ್ಪಗಿತ್ತಂತೆ. ಗಾಳಿಯ ಸದ್ದೇ ಇರಲಿಲ್ಲವಂತೆ. ಮೇಲೆ ವೇಗ, ಕೆಳಗೆ ನಿಧಾನ. ಬಲಗೈಯ ಗ್ಲೌಸು ಕೆಟ್ಟು ಕೈ ಊದಿಕೊಂಡಿತಂತೆ.

"ಅಣ್ಣಾ, ತಪ್ಪಾಯ್ತು," ಎಂದ ಕುಶಾಲಪ್ಪ.

"ನಿನ್ನ ಎಸ್ಸೆಸ್ಸೆಲ್ಸಿಯನ್ನು ಒಲೆಗೆ ಹಾಕು," ಎಂದ ಬೆಳ್ಯಪ್ಪ.

ಕುಶಾಲಪ್ಪ ಅಲ್ಲೇ ಕೂತು ಸರ್ಕಾರಕ್ಕೆ ಅರ್ಜಿ ಬರೆದ. "ಕೊಡಗು ಮೈಸೂರಿಗೆ ಸೇರಿ ನಾಲ್ಕು ವರ್ಷವಾಯ್ತು. ನಮ್ಮವನೊಬ್ಬನ ಹೆಸರೂ ಅವರಿಗೆ ತಿಳಿಯಲಿ. ಪದಕ ಕೊಡಲೇಬೇಕು!" ಲಕೋಟೆಗೆ ಸ್ಟಾಂಪು ಅಂಟಿಸಿ ಬೊಳ್ಳಮ್ಮನ ಕೈಗಿಟ್ಟ. "ನಾಳೆಯೇ ಪೋಸ್ಟಿಗೆ ಹಾಕಿ ಅತ್ತಿಗೆ."

ಸಂಜೆ ನೀರಿಗೆ ಹೋದರೆ ಹೆಂಗಸರು ಅವಳ ಕೊಡವನ್ನೇ ಮೊದಲು ತುಂಬಿಸಿದರು. ಅವಳು ತಲೆ ಎತ್ತಿಕೊಂಡು ಮನೆಗೆ ಬಂದಳು.

"ಪದಕ ಚುಚ್ಚಿಕೊಳ್ಳಲು ಕೋಟು ಬೇಕು," ಎಂದು ಗಂಡ ಜಗಲಿಯಿಂದಲೇ ಕೂಗಿದ. "ಟ್ರಂಕಿನಿಂದ ತೆಗೆದು ಧೂಳು ಕೊಡವು. ನಿನ್ನ ಬುದ್ಧಿ ಉಪಯೋಗಿಸಬೇಡ, ಅಷ್ಟೇ ಮಾಡು."

ಅವಳು ಕೊಡವಿದಳು. ಕೋಟಿನ ಒಳಜೇಬನ್ನು ಯಾರೋ ಹೊಲಿದು ಮುಚ್ಚಿದ್ದರು. ಮುಟ್ಟಿದರೆ ಗಟ್ಟಿಯಾಗಿತ್ತು. ಕತ್ತರಿ ತಂದಳು. ಆಮೇಲೆ ಟ್ರಂಕಿನ ಮೇಲೆ ಬಹಳ ಹೊತ್ತು ಕೂತಳು. ನಾಲ್ಕನೇ ಕ್ಲಾಸಿನವಳ ಓದು, ಅಕ್ಷರ ಕೂಡಿಸಲು ಸಮಯ ಬೇಕು.

"ಕೋಟು ಸಿಕ್ಕಿತೇನೇ?"

"ಸಿಕ್ಕಿತು."

"ಒಳಗೆ... ಏನಾದರೂ ಇತ್ತಾ?"

"ನಿಮ್ಮದೇನೂ ಇರಲಿಲ್ಲ."

ಬೆಳ್ಯಪ್ಪ ಉಸಿರು ಬಿಟ್ಟ. ಊಟಕ್ಕೆ ಕೂತು, ಅನ್ನಕ್ಕೆ ಇನ್ನೆರಡು ಕುದಿ ಬೇಕಿತ್ತು ಎಂದ.

ಬೆಳಿಗ್ಗೆ ಬೊಳ್ಳಮ್ಮ ಕುಶಾಲಪ್ಪ ಕೊಟ್ಟ ಲಕೋಟೆಯನ್ನು ಅನ್ನದ ಪಾತ್ರೆಯ ಹಬೆಗೆ ಹಿಡಿದಳು. ಸ್ಟಾಂಪು ಎದ್ದು ಬಂತು. ಅರ್ಜಿ ಒಲೆಯಲ್ಲಿ ಚೆನ್ನಾಗಿ ಉರಿಯಿತು. ಸೀರೆ ಬದಲಿಸಿ ಹೊರಟಳು.

"ಅರ್ಜಿ ಹಾಕಲು ಹೊರಟೆಯಾ?" ಗಂಡ ಮೀಸೆ ತೀಡುತ್ತಿದ್ದ.

"ಕಾಗದ ಹಾಕಲು. ತುಂಬ ತಡವಾಯ್ತು."

"ಒಂದು ರಾತ್ರಿ ಹೆಚ್ಚುಕಮ್ಮಿಯಾದರೆ ಏನಂತೆ?"

ಅವಳು ತಿರುಗಿ ನೋಡಲಿಲ್ಲ. ಇನ್ನು ಚಾಪೆಯ ಅಂಚೇ ಗತಿ ಎಂದು ಗೊತ್ತಿತ್ತು. ಕೋಟಿನ ಜೇಬಿನಲ್ಲಿ ಸಿಕ್ಕ ಹಳದಿಗಟ್ಟಿದ ಲಕೋಟೆಗೆ ಆ ಸ್ಟಾಂಪು ಅಂಟಿಸಿದ್ದಳು; ಪೋಸ್ಟಿನ ಡಬ್ಬದ ಬಾಯಿಯಲ್ಲಿ ಅದನ್ನು ಒಂದು ಕ್ಷಣ ಹಿಡಿದಳು. ಮೇಲೆ ಹುಚ್ಚಮ್ಮನ ವಿಳಾಸವಿತ್ತು. ಕೈಬಿಟ್ಟಳು.

"ಅವ್ವಾ, ಭೂಮಿಯ ಅಂಚು ನೀನು ಕಟ್ಟುವ ರಾಗಿ ಮುದ್ದೆಯ ಬೆನ್ನಿನ ಹಾಗೆ ಬಾಗಿತ್ತು. ನಾಳೆ ಇನ್ನೂ ಮೇಲಿಂದ ಹಾರಬೇಕು. ಬಿದ್ದು ನಾನು ಏಳದಿದ್ದರೆ ನಮ್ಮ ಅಡುಗೆಯ ಬೆಳ್ಯಪ್ಪ ಈ ಕಾಗದ ಪೋಸ್ಟಿಗೆ ಹಾಕುತ್ತಾನೆ, ನಂಬಿಗಸ್ತ. ಇಂತಿ ನಿನ್ನ ಮಗ, ಸಣ್ಣಸ್ವಾಮಿ."