ಅರವತ್ತಕ್ಕೆ ಸೊನ್ನೆ

"ಉತ್ತರ ಹಾಳೆ ತಿದ್ದೋ ನಿಮ್ಮ ಮಷೀನೇ ಕೆಟ್ಟಿದೆ," ಎನ್ನುತ್ತ ಆಕೆ ಅಂಕಪಟ್ಟಿಯನ್ನು ಕಿಟಕಿಯ ಕಂಬಿಯೊಳಗೆ ತೂರಿದಳು. "ನಮ್ಮ ಹುಡುಗಿಗೆ ಲೆಕ್ಕದಲ್ಲಿ ಸೊನ್ನೆ ಬರೋಕೆ ಸಾಧ್ಯವೇ ಇಲ್ಲ."

ಪರೀಕ್ಷಾ ಮಂಡಳಿಯ ಗುಮಾಸ್ತ ತಲೆಯೆತ್ತಲಿಲ್ಲ. "ಎಲ್ಲ ತಾಯಂದಿರೂ ಹಾಗೇ ಹೇಳ್ತಾರೆ."

ಆಕೆಗೆ ಮೈಯೆಲ್ಲ ಉರಿಯಿತು. ಬೆಳಗ್ಗಿನಿಂದ ಇದು ನಾಲ್ಕನೆಯ ಕಿಟಕಿ. ಒಂದರಲ್ಲಿ ಅರ್ಜಿ, ಇನ್ನೊಂದರಲ್ಲಿ ಮೊಹರು, ಮೂರನೆಯದರಲ್ಲಿ ಊಟದ ವಿರಾಮ. ಈ ಒಂದು ಪರೀಕ್ಷೆ ಪಾಸಾಗದೆ ಶಾಲೆ ಮುಗಿಸಿದ ಪ್ರಮಾಣಪತ್ರ ಕೊಡುವಂತಿಲ್ಲವಂತೆ. ಹನ್ನೆರಡು ವರ್ಷ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು.

ಹುಡುಗಿ ಬರೆದದ್ದು ಇದು ಮೂರನೆಯ ಸಲ. ಮನೆಯ ಚಿಕ್ಕವರಿಗೆಲ್ಲ ಲೆಕ್ಕ ಹೇಳಿಕೊಡುವವಳು ಅವಳೇ. ಎಷ್ಟು ತಟ್ಟೆಗೆ ಎಷ್ಟು ಅಕ್ಕಿ ಎಂದು ಅಡುಗೆಯವಳು ಕೇಳುವುದೂ ಅವಳನ್ನೇ. ಕಾಲೇಜಿನವರು ಸೀಟನ್ನು ಈ ವರ್ಷದ ತನಕ ಮಾತ್ರ ಕಾದಿಡುತ್ತೇವೆ ಎಂದು ಖಡಾಖಂಡಿತವಾಗಿ ಹೇಳಿದ್ದರು.

ಹುಡುಗಿ ಹಿಂದಿನ ಬೆಂಚಿನಲ್ಲಿ ಕೂತು ನೆಲ ನೋಡುತ್ತಿದ್ದಳು. "ಬನ್ನಿ ಅಮ್ಮ, ಹೋಗೋಣ. ಮುಂದಿನ ವರ್ಷ ಬರೀತೀನಿ."

"ನೀನು ಸುಮ್ನಿರು. ನಿನ್ನ ಪರವಾಗಿ ಜಗಳ ಆಡೋಕೆ ನಾನಲ್ದೆ ಇನ್ಯಾರಿದ್ದಾರೆ?"

ಇವಳು ಜಪ್ಪಯ್ಯ ಎಂದರೂ ಕದಲುವವಳಲ್ಲ ಎಂದು ಗುಮಾಸ್ತನಿಗೂ ಅರ್ಥವಾಯಿತು. ಗೊಣಗುತ್ತ ಒಳಗೆ ಹೋದವನು ಹುಡುಗಿಯ ಉತ್ತರ ಹಾಳೆಯಿದ್ದ ಕಡತ ಹಿಡಿದು ಬಂದ.

"ಎ ಸರಣಿಯ ಪತ್ರಿಕೆಯನ್ನ ಬಿ ಸರಣಿಯ ಉತ್ತರಗಳ ಜೊತೆ ಹೋಲಿಸಿರ್ತೀರಿ," ಎಂದಳು ಆಕೆ. "ಹೋದ ವರ್ಷ ಒಬ್ಬನಿಗೆ ಹಾಗೇ ಆಗಿತ್ತು."

ಅವನು ನೋಡಿದ. ಸರಣಿ ಸರಿಯಾಗಿಯೇ ಇತ್ತು. ನೋಂದಣಿ ಸಂಖ್ಯೆಯೂ ಸರಿ. ಅರವತ್ತು ವೃತ್ತಗಳನ್ನೂ ಅಂಚು ದಾಟದಂತೆ ಅಚ್ಚುಕಟ್ಟಾಗಿ ತುಂಬಲಾಗಿತ್ತು. ಉತ್ತರಗಳ ಮೇಲೆ ಸರಿಯುತ್ತಿದ್ದ ಅವನ ಬೆರಳು ನಿಧಾನವಾಯಿತು.

"ಮೇಡಂ, ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ. ಕಣ್ಣು ಮುಚ್ಕೊಂಡು ಗುರುತು ಹಾಕಿದ್ರೂ ಹತ್ತೋ ಹದಿನೈದೋ ಸರಿಯಾಗುತ್ತೆ. ಅರವತ್ತೂ ತಪ್ಪಾಗೋದು ತುಂಬಾ ಕಷ್ಟ."

"ಅದನ್ನೇ ನಾನು ಬೆಳಗ್ಗೆಯಿಂದ ಬಡ್ಕೋತಾ ಇರೋದು."

ಅವನು ಉತ್ತರ ಹಾಳೆಗೆ ಪಿನ್ ಮಾಡಿದ್ದ ಪ್ರಶ್ನೆಪತ್ರಿಕೆಯನ್ನು ತೆರೆದು ಆಕೆಯ ಕಡೆಗೆ ತಿರುಗಿಸಿದ. ಅಂಚಿನ ತುಂಬ ಪೆನ್ಸಿಲಿನ ಸಣ್ಣ ಅಕ್ಷರ. ಒಂದೊಂದು ಲೆಕ್ಕವನ್ನೂ ಬಿಡಿಸಲಾಗಿತ್ತು, ಅರವತ್ತೂ ಸರಿಯಾಗಿದ್ದವು. ಉತ್ತರ ಹಾಳೆಯಲ್ಲಿ ಮಾತ್ರ ಪ್ರತಿ ಸಲವೂ ಸರಿಯುತ್ತರದ ಪಕ್ಕದ ವೃತ್ತ ಕಪ್ಪಾಗಿತ್ತು.

ಆಕೆ ಬೆಂಚಿನ ಕಡೆಗೆ ತಿರುಗಿದಳು. ಮೂರು ವರ್ಷದ ಓಡಾಟ, ಬೇಡಿದ್ದು, ಬೈಸಿಕೊಂಡದ್ದು ಎಲ್ಲವೂ ಒಮ್ಮೆಲೇ ನೆನಪಾಯಿತು.

"ಬೇಕೂಂತಲೇ ಮಾಡಿದ್ಯಾ? ಯಾಕೆ?"

"ಪಾಸಾದ್ರೆ ನೀವೇ ಕಳಿಸಿಬಿಡ್ತೀರಲ್ಲ ಅಮ್ಮ."

ಶಾಲಾ ಪರೀಕ್ಷೆ ಪಾಸಾದವರು ಎಂಟು ದಿನದೊಳಗೆ ಅನಾಥಾಲಯ ಬಿಡತಕ್ಕದ್ದು ಎಂಬ ನಿಯಮ ಬರೆಸಿ, ಅದರ ಕೆಳಗೆ ಮೇಲ್ವಿಚಾರಕಿ ಎಂದು ಸಹಿ ಹಾಕಿದ್ದವಳು ಆಕೆಯೇ.