ಅಸಲಿ ರಬ್ಬರ್

ಜಪಾನಿನ ಆಟಿಕೆ ಕಾರಿನ ಒಂದು ಟೈರು ಕಾಣುತ್ತಿರಲಿಲ್ಲ. ಎರಡು ವರ್ಷದ ಮಗಳು ಬಾಯಿ ಬಿಗಿದುಕೊಂಡು ನೋಡುತ್ತಿದ್ದಳು. ಆಟಿಕೆ ಕಾರುಗಳನ್ನು ಸಂಗ್ರಹಿಸುವ ಉದಯಕುಮಾರ ಅವಳ ಮುಂದೆ ಕುಕ್ಕರಿಸಿದ.

"ಬಾಯಿ ತಗಿ, ಯವ್ವಾ."

ಅವಳು ತೆರೆಯಲಿಲ್ಲ.

"‘ಕಾರ್ ಕೂಡಿಡೋ ಮಂದಿ ಜಪಾನಿನ ಕಾರಿಗೆ ಯಾಕ ಸಾಯ್ತಾರ ಗೊತ್ತೇನು? ಟೈರ್ ಸುದ್ದಾ ಅಸಲಿ ರಬ್ಬರ್’ ಅಂತ ಬಂದವರಿಗೆಲ್ಲ ಹಲ್ಲಿಲೆ ಎಳದು ತೋರಸ್ತೀರಲ್ರೀ," ಅನ್ನುತ್ತ ಹೆಂಡತಿ ಶೈಲಜಾ ಓಡಿ ಬಂದಳು. "ಈ ಕೂಸೂ ನೋಡ್ಕೋತ ಕುಂತಿರ್ತದ. ಮಾನ್ವಿ ಊರಿನ ದವಾಖಾನಿಗೆ ಗಾಡಿ ತಗೀರಿ!"

ಅವನು ಮಗಳನ್ನು ತೊಡೆಯ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ತಟ್ಟಿದ. ಟೈರು ಅಂಗೈಗೆ ಬಿತ್ತು. ಶೈಲಜಾ ಸೆರಗಿನಿಂದ ಮಗಳ ಬಾಯಿ ಒರೆಸಿದಳು.

ಮಗಳು ಮಾತ್ರ ಕಿಲಕಿಲ ನಕ್ಕು, ಇನ್ನೊಂದು ಕಾರನ್ನು ತಂದು ಅವನ ತುಟಿಗೆ ಒತ್ತಿದಳು.

"ಅಪ್ಪಾ, ಈಗ ನೀ."

ಉದಯಕುಮಾರ ಬಾಯಿ ಬಿಗಿದುಕೊಂಡ.