ಏಳನೆಯ ಬಣ್ಣ

ಹೆಡ್‌ಮಿಸ್ ಅವರ ಮೇಜಿನ ಮೇಲಿದ್ದ ಫೈಲುಗಳನ್ನು ಪಕ್ಕಕ್ಕೆ ಸರಿಸಿ ಗಣಿತದ ಮೇಷ್ಟ್ರು ದೊಡ್ಡ ಹಾಳೆಯೊಂದನ್ನು ಹರಡಿದರು. ಎಡಗಡೆ ಒಂದು ಸಾಲು ಚುಕ್ಕಿ, ಬಲಗಡೆ ಒಂದು ಸಾಲು ಚುಕ್ಕಿ, ನಡುವೆ ಬಣ್ಣಬಣ್ಣದ ಗೆರೆಗಳು.

"ಏನ್ ಸರ್ ಇದು? ನೂಲುಂಡೆ ಬಿಚ್ಚಿಹೋದ ಹಾಗಿದೆ."

"ಟೈಮ್‌ಟೇಬಲ್ ಮೇಡಂ. ಎಡಗಡೆ ಟೀಚರುಗಳು, ಬಲಗಡೆ ಕ್ಲಾಸುಗಳು. ಒಂದೊಂದು ಗೆರೆ ಅಂದ್ರೆ ಒಂದೊಂದು ಪಾಠ, ಬಣ್ಣ ಅಂದ್ರೆ ಪೀರಿಯಡ್ಡು. ಒಂದೇ ಬಣ್ಣದ ಎರಡು ಗೆರೆ ಒಂದೇ ಚುಕ್ಕೀಲಿ ಸೇರಬಾರದು, ಅಷ್ಟೇ. ಸೇರಿದ್ರೆ ಟೀಚರು ಒಂದೇ ಹೊತ್ತಿಗೆ ಎರಡು ಕ್ಲಾಸಲ್ಲಿ ಇರಬೇಕಾಗುತ್ತೆ."

ಪ್ರತಿವರ್ಷ ಟೈಮ್‌ಟೇಬಲ್ ಅಂದರೆ ಸ್ಟಾಫ್ ರೂಮಿನಲ್ಲಿ ಜಗಳ. ಏಳು ಪೀರಿಯಡ್ ಇಟ್ಟರೂ ತಿಣುಕಾಟವೇ; ಪ್ರತಿ ತರಗತಿಗೂ ದಿನಕ್ಕೊಂದು ಪೀರಿಯಡ್ ಖಾಲಿ ಬೀಳುತ್ತಿತ್ತು. ಹಾಗೆ ಖಾಲಿ ಬಿದ್ದ ಮಕ್ಕಳನ್ನು ಮೂಲೆಯ ಕೋಣೆಗೆ, ಡ್ರಾಯಿಂಗ್ ಮಿಸ್ ಹತ್ತಿರ ಅಟ್ಟುವುದು ರೂಢಿ. ಅವಳು ಮೇಷ್ಟ್ರ ಹೆಂಡತಿಯ ತಂಗಿ. ಗಂಡನನ್ನು ಬಿಟ್ಟು ಮಗಳನ್ನು ಎತ್ತಿಕೊಂಡು ಇವರ ಮನೆಗೆ ಬಂದಾಗ, ಮೇಷ್ಟ್ರೇ ಓಡಾಡಿ ಈ ಕೆಲಸ ಕೊಡಿಸಿದ್ದರು.

ಈ ರಜೆಯಲ್ಲಿ ಅವರು ಹಠ ಹಿಡಿದು ಕೂತಿದ್ದರು. ಎಲ್ಲಾದರೂ ಎರಡು ಕೆಂಪು ಗೆರೆ ಒಂದೇ ಚುಕ್ಕಿಯಲ್ಲಿ ಸಿಕ್ಕಿಕೊಂಡರೆ, ಅಲ್ಲಿಂದ ಹೊರಟ ದಾರಿಯುದ್ದಕ್ಕೂ ಕೆಂಪನ್ನೂ ನೀಲಿಯನ್ನೂ ಅದಲುಬದಲು ಮಾಡಿ ಗಂಟು ಬಿಡಿಸಿದ್ದರು. ಊಟಕ್ಕೆ ಕರೆದರೂ ಕಿವಿಗೆ ಬೀಳುತ್ತಿರಲಿಲ್ಲ.

"ಈಗ ನೋಡಿ, ಯಾವ ಚುಕ್ಕಿಗೂ ಆರಕ್ಕಿಂತ ಹೆಚ್ಚು ಗೆರೆ ಇಲ್ಲ. ಆದ್ದರಿಂದ ಆರೇ ಬಣ್ಣ ಸಾಕು. ಬೇಕಾಗೋ ಕನಿಷ್ಠ ಬಣ್ಣಗಳ ಲೆಕ್ಕಕ್ಕೆ ಕ್ರೊಮ್ಯಾಟಿಕ್ ಇಂಡೆಕ್ಸ್ ಅಂತಾರೆ. ಹೀಗೆ ಎರಡು ಗುಂಪಿನ ನಡುವೆ ಮಾತ್ರ ಗೆರೆ ಇದ್ರೆ ಏಳನೇದು ಬೇಕಾಗೇ ಇಲ್ಲ ಮೇಡಂ. ಸಾಬೀತಾಗಿರೋ ಮಾತು!" ಮೇಷ್ಟ್ರ ಮುಖ ಊರಗಲವಾಗಿತ್ತು.

"ಅಂದ್ರೆ ಯಾವ ಕ್ಲಾಸೂ ಖಾಲಿ ಬೀಳಲ್ಲ?"

"ಒಂದೂ ಬೀಳಲ್ಲ. ಪ್ರತಿ ಕ್ಲಾಸಿಗೂ ದಿನಕ್ಕೆ ಆರು ಪಾಠ, ಆರೇ ಪೀರಿಯಡ್ಡು."

ಹೆಡ್‌ಮಿಸ್ ಎಡಗಡೆಯ ಚುಕ್ಕಿಗಳ ಮೇಲೆ ಬೆರಳಾಡಿಸಿದರು. "ಡ್ರಾಯಿಂಗ್ ಮಿಸ್ ಎಲ್ಲಿ ಇದರಲ್ಲಿ?"

ಮೇಷ್ಟ್ರು ಹುಡುಕಿದರು. ಹುಡುಕುವುದೇನಿತ್ತು? ಡ್ರಾಯಿಂಗ್ ಅನ್ನುವುದು ಪಾಠಗಳ ಲೆಕ್ಕದಲ್ಲೇ ಇರಲಿಲ್ಲ. ಗೆರೆ ಇಲ್ಲದವಳಿಗೆ ಅವರು ಚುಕ್ಕಿಯನ್ನೇ ಇಟ್ಟಿರಲಿಲ್ಲ.

"ಮೇಡಂ, ಏಳನೇ ಬಣ್ಣ ಸೇರಿಸಿಬಿಡೋಣ. ಹಳೇ ಥರಾನೇ ಇರ್ಲಿ..." ಮೇಷ್ಟ್ರು ಹಾಳೆಗೆ ಕೈ ಹಾಕಿದರು.

"ಬೇಕಾಗೇ ಇಲ್ಲ ಅಂತ ಈಗ ತಾನೇ ನೀವೇ ಹೇಳಿದ್ರಲ್ಲ ಸರ್, ಅದೂ ಸಾಬೀತಾಗಿದೆ ಅಂತ." ಹೆಡ್‌ಮಿಸ್ ಹಾಳೆಯನ್ನು ಜೋಪಾನವಾಗಿ ಸುತ್ತಿ ತಮ್ಮ ಕಡೆ ಇಟ್ಟುಕೊಂಡರು. "ಆ ಹುದ್ದೆ ಯಾಕೆ ಅಂತ ಮ್ಯಾನೇಜ್‌ಮೆಂಟಿನವರು ಕೇಳ್ತಾನೇ ಇದ್ರು. ಖಾಲಿ ಕೂರೋ ಮಕ್ಕಳನ್ನ ನೋಡ್ಕೊಳ್ಳೋಕೆ ಅಂತ ಇಷ್ಟು ದಿನ ತಳ್ಳಿಕೊಂಡು ಬಂದೆ. ಇನ್ನೇನು ಹೇಳ್ಲಿ?"

ಮೇಷ್ಟ್ರು ಮೂಲೆಯ ಕೋಣೆಗೆ ಹೋಗಿ ನಾದಿನಿಯನ್ನು ವರಾಂಡಕ್ಕೆ ಕರೆದು ವಿಷಯ ಹೇಳಿದರು. "ನಾನು ಸುಮ್ನಿರಲ್ಲ. ಮ್ಯಾನೇಜ್‌ಮೆಂಟಿನವರ ಕೈಕಾಲಾದ್ರೂ ಹಿಡೀತೀನಿ."

ಶಾಲೆಯಲ್ಲಿ 'ಸರ್' ಬಿಟ್ಟು ಬೇರೇನೂ ಕರೆಯದವಳು ಕೈಗಂಟಿದ ಬಣ್ಣ ಒರೆಸಿಕೊಳ್ಳುತ್ತ ಕೇಳಿದಳು: "ಭಾವ, ನಿಜ ಹೇಳಿ. ಅಷ್ಟು ದಿನ ಕೂತು ಗೆರೆ ಎಳೆದ್ರಲ್ಲ, ಅದರಲ್ಲಿ ನಾನಿಲ್ಲ ಅಂತ ಗೊತ್ತಿತ್ತಾ?"

"ದೇವರಾಣೆ ಗೊತ್ತಿರಲಿಲ್ಲ ಕಣಮ್ಮ. ನಿನ್ನ ನೆನಪೇ ಬರಲಿಲ್ಲ."

"ಗೊತ್ತಿದ್ದೇ ಮಾಡಿದ್ರಿ ಅಂದಿದ್ರೆ ಬೈದಾದ್ರೂ ಸಮಾಧಾನ ಮಾಡ್ಕೋತಿದ್ದೆ," ಎಂದು ಅವಳು ಕೋಣೆಯೊಳಗೆ ಹೋದಳು.

ಮೇಷ್ಟ್ರು ಹಿಡಿದ ಕೈಕಾಲುಗಳಿಂದ ಏನೂ ಆಗಲಿಲ್ಲ. ಮುಂದಿನ ತಿಂಗಳಿಂದ ಆರೇ ಪೀರಿಯಡ್, ಮೂಲೆಯ ಕೋಣೆಗೆ ಬೀಗ. ಮುಕ್ಕಾಲು ಗಂಟೆ ಮೊದಲೇ ಬೆಲ್ ಹೊಡೆಯಿತು. ಮಕ್ಕಳು ಹೋ ಎಂದು ಕೂಗುತ್ತ ಓಡಿದರು, ಸ್ಟಾಫ್ ರೂಮಿನಲ್ಲಿ ಎಲ್ಲರೂ ಮೇಷ್ಟ್ರ ಕೈ ಕುಲುಕಿದರು. ಮನೆಯಲ್ಲಿ ಅಕ್ಕತಂಗಿಯರು ಅವರೊಡನೆ ಜಗಳವಾಡಲಿಲ್ಲ. ಅವರು ಒಳಗೆ ಬಂದೊಡನೆ ಇಬ್ಬರ ಮಾತೂ ನಿಲ್ಲುತ್ತಿತ್ತು, ಅಷ್ಟೇ.

ಈಗ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಗೇಟಿನೆದುರಿನ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂರುತ್ತಾರೆ. ಮನೆಯ ಕಡೆಯ ಬಸ್ಸು ಬಂದು ನಿಲ್ಲುತ್ತದೆ, ಹೋಗುತ್ತದೆ. ಮುಕ್ಕಾಲು ಗಂಟೆ ಕಳೆಯುವ ತನಕ ಅವರು ಏಳುವುದಿಲ್ಲ.